ಕಾಸು ಮುಟ್ಟದ ಬ್ಯಾಂಕರಮ್ಮ

ಐವರೀನ್ ಪಾಟಿಂಜರ್ ಎಂದರೆ ನಮ್ಮ ಪೇಟೆಯಲ್ಲಿ ಅರ್ಧ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಬ್ಯಾಂಕರಮ್ಮ ಎಂದರೆ ಮಕ್ಕಳೂ ಮನೆ ತೋರಿಸುತ್ತಿದ್ದರು. ಜಮೈಕಾದಲ್ಲಿ ಚೀಟಿ ನಡೆಸುವವರನ್ನು ಬ್ಯಾಂಕರ್ ಎನ್ನುವುದೇ ವಾಡಿಕೆ. ಶಾಲೆಯಲ್ಲಿ ಅಡುಗೆ ಮಾಡುತ್ತಲೇ ಇಪ್ಪತ್ತಾರು ವರ್ಷ ಅವಳು ನಮ್ಮ ಚೀಟಿ ನಡೆಸಿದಳು. ಇಪ್ಪತ್ತು ಜನ ವಾರವಾರ ಕಟ್ಟುತ್ತಿದ್ದೆವು, ಸರದಿ ಬಂದವರು ಪೂರ್ತಿ ಎತ್ತುತ್ತಿದ್ದರು. ಹರಾಜಿಲ್ಲ, ಕಮಿಷನ್ನಿಲ್ಲ. ನನ್ನ ಹೊಲಿಗೆ ಯಂತ್ರ, ಮನೆಯ ತಗಡಿನ ಸೂರು, ಎರಡೂ ಅವಳ ಚೀಟಿಯವೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಲು ನಿಮಗೆ ಅನುಕೂಲವಾಗಲಿ.

ಹಣ ಅವಳ ಬಿಸ್ಕತ್ತು ಡಬ್ಬಿಯಲ್ಲಿರುತ್ತಿತ್ತು. ಪೇಟೆಯಲ್ಲಿ ಕಳ್ಳತನ ಹೆಚ್ಚಾದಾಗ ಬ್ಯಾಂಕಿನವರೇ ಪುಸಲಾಯಿಸಿ ಖಾತೆ ತೆರೆಸಿ, ಚೆಕ್ಕು ಪುಸ್ತಕ ಕೊಟ್ಟರು. ಅವಳು ಬರೆದ ಮೂರನೆಯ ಚೆಕ್ಕು ಪಕ್ಕದ ಮನೆಯ ಇಸಿಲ್ಡಾಳ ಸರದಿಯದು. ಇಸಿಲ್ಡಾಳ ಗಂಡ ಆ ವಾರವೇ ತೀರಿಕೊಂಡಿದ್ದ. ಚೆಕ್ಕು ನೇರವಾಗಿ ಶವಸಂಸ್ಕಾರದ ಅಂಗಡಿಯವನಿಗೆ ಹೋಯಿತು.

ಮಣ್ಣಿನ ಹಿಂದಿನ ದಿನ ಬೆಳಿಗ್ಗೆ ನಾವೆಲ್ಲ ಇಸಿಲ್ಡಾಳ ಅಂಗಳದಲ್ಲಿ ಬಾಳೆಕಾಯಿ ಸುಲಿಯುತ್ತಿದ್ದೆವು. ಅಂಗಡಿಯವನು ಬಂದು ಎಲ್ಲರೆದುರು ಚೆಕ್ಕು ಚಾಚಿದ.

“ಖಾತೇಲಿ ದುಡ್ಡಿಲ್ವಂತೆ. ದುಡ್ಡು ಬರೋವರ್ಗೂ ಹೆಣ ಐಸಲ್ಲೇ ಇರುತ್ತೆ.”

ಇಸಿಲ್ಡಾ ಚಾಕು ಕೆಳಗಿಟ್ಟಳು. “ಅಕ್ಕಾ, ನನ್ನ ಗಂಡನ ಮಣ್ಣಿನ ದುಡ್ಡೂ ನಿಂಗೆ ಬೇಕಾಯ್ತಾ?”

“ಅಯ್ಯೋ, ನಾನು ಕಟ್ಟಿದ್ದೀನಿ ಕಣೆ! ರಸೀತಿ ಇದೆ ನೋಡು!” ಎಂದಳು ಐವರೀನ್.

ಯಾರೂ ನೋಡಲಿಲ್ಲ.

ಬ್ಯಾಂಕಿನ ಗುಮಾಸ್ತ ಅವಳು ಕಟ್ಟಿದ್ದನ್ನು ಬೇರೊಬ್ಬರ ಖಾತೆಗೆ ಜಮಾ ಮಾಡಿದ್ದ. ನಾಲ್ಕನೆಯ ದಿನ ತಿದ್ದಿದರು, ಹಣ ಬಂತು, ಮಣ್ಣೂ ಆಯಿತು. ಆದರೆ ಅಷ್ಟರಲ್ಲಿ ಡಾಮಿನೋ ಆಡುವ ಜಗಲಿಯಲ್ಲಿ ತೀರ್ಪು ಆಗಿಹೋಗಿತ್ತು. “ಏನ್ ಬ್ಯಾಂಕರಮ್ಮ, ನಮ್ಮ ದುಡ್ಡಲ್ಲಿ ಎಷ್ಟು ಮಹಡಿ ಎದ್ದಿತು?” ಎಂದು ಕೂಗುವವರು ಕೆಲವರು, ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎನ್ನುವವರು ಉಳಿದವರು. ಹದಿನಾಲ್ಕು ಜನ ಚೀಟಿ ಬಿಟ್ಟರು. ಅವರಲ್ಲಿ ನಾನೂ ಒಬ್ಬ. ಹೆಂಡತಿ ಬೇಡವೆಂದಳು ಎಂದು ನೆಪ ಹೇಳಿದೆ. ನಿಜಕ್ಕೂ ಹೆದರಿದ್ದವನು ನಾನೇ.

“ನಂಗೆ ದುಡ್ಡು ಬೇಡ, ನನ್ನ ಹೆಸರು ವಾಪಸ್ ಬೇಕು” ಎಂದು ಐವರೀನ್ ಬ್ಯಾಂಕಿನ ಮೇಲೆ ದಾವೆ ಹಾಕಿದಳು. ನಾಚಿಕೆಗಾದರೂ ಎಂದು ನಾನು ಜೊತೆಗೆ ಹೋದೆ. ಊರಿನಿಂದ ಇನ್ನೊಂದು ನರಪಿಳ್ಳೆಯೂ ಬರಲಿಲ್ಲ.

ಕೋರ್ಟಿನ ಮೆಟ್ಟಿಲ ಮೇಲೆ ಅವಳ ವಕೀಲ ಹೇಳಿದ: “ನೋಡಿಮ್ಮ, ಖಾತೇಲಿ ದುಡ್ಡಿದ್ರೆ ಚೆಕ್ಕಿಗೆ ಕೊಡ್ಲೇಬೇಕು, ಅದು ಬ್ಯಾಂಕಿನ ಕರಾರು. ತಪ್ಪಿದ್ವಿ ಅಂತ ಅವರೇ ಒಪ್ಪಿದ್ದಾರೆ. ಆದ್ರೆ ಹೆಸರು ಕೆಟ್ಟಿದ್ದಕ್ಕೆ ಪರಿಹಾರ ವ್ಯಾಪಾರಸ್ಥರಿಗಾದ್ರೆ ಸಲೀಸು, ಬೇರೆಯವರಿಗೆ ಕಷ್ಟ. ಚೀಟಿ ಎತ್ತಿದವರು ಬ್ಯಾಂಕರಿಗೆ ಏನೋ ಕಾಣಿಕೆ ಕೊಡ್ತಾರಲ್ಲ, ನೀವೂ ತಗೋತಿದ್ರೆ ಹೇಳ್ಬಿಡಿ. ಅದು ವ್ಯಾಪಾರ ಅನ್ನಿಸ್ಕೊಳ್ಳುತ್ತೆ.”

ಅವಳು ರಸೀತಿಯನ್ನು ಕೈಚೀಲದೊಳಗೆ ಸೇರಿಸಿ ಮೆಟ್ಟಿಲು ಹತ್ತಿದಳು.

ಒಳಗೆ ಬ್ಯಾಂಕಿನ ವಕೀಲ ಬಹಳ ಮರ್ಯಾದೆಯಿಂದಲೇ ಕೇಳಿದ. “ಚೀಟಿಯಿಂದ ನಿಮಗೇನು ಸಿಗುತ್ತಮ್ಮ?”

“ಏನೂ ಇಲ್ಲ ಸ್ವಾಮಿ. ಇಪ್ಪತ್ತಾರು ವರ್ಷದಲ್ಲಿ ಒಬ್ಬರ ಒಂದು ಕಾಸೂ ಮುಟ್ಟಿಲ್ಲ. ಬೈಬಲ್ ಮುಟ್ಟಿ ಹೇಳ್ತಿದ್ದೀನಿ.”

ತಿಂಗಳುಗಟ್ಟಲೆ ಬಾಡಿದ್ದ ಅವಳ ಮುಖ ಆಗ ಅರಳಿತ್ತು. ನಮ್ಮ ವಕೀಲ ಫೈಲು ಮುಚ್ಚಿದ. ನನಗೆ ಅಳು ತಡೆಯಲಾಗಲಿಲ್ಲ.

ಬ್ಯಾಂಕು ಕರಾರು ಮುರಿದದ್ದು ನಿಜ, ಆದರೆ ಈಕೆ ವ್ಯಾಪಾರಿಯಲ್ಲ, ನಷ್ಟವೂ ರುಜುವಾತಾಗಿಲ್ಲ ಎಂದು ನ್ಯಾಯಾಧೀಶರು ಹೆಸರಿಗಷ್ಟೇ ನೂರು ಡಾಲರ್ ಕೊಡಿಸಿದರು. ನಮ್ಮಲ್ಲಿ ಅದಕ್ಕೆ ಒಂದೆರಡು ಮಾಂಸದ ಪ್ಯಾಟಿ ಬರುತ್ತವೆ.

“ತಪ್ಪು ಬ್ಯಾಂಕಿಂದೇ ಅಂತ ಬರ್ಕೊಟ್ಟಿದ್ದಾರಲ್ಲ ರೂಪರ್ಟ್, ಅಷ್ಟು ಸಾಕು” ಎಂದು ಬಸ್ಸಿನಲ್ಲಿ ಆ ಕಾಗದವನ್ನು ಮಡಿಲಲ್ಲಿಟ್ಟುಕೊಂಡೇ ಬಂದಳು. ಊರಿನವರು ಕಾಗದ ಓದಲಿಲ್ಲ, ನೂರು ಡಾಲರಿನ ಸುದ್ದಿಯನ್ನಷ್ಟೇ ಕೇಳಿಸಿಕೊಂಡರು. “ಕೋರ್ಟೇ ಅವಳ ಮಾತಿಗೆ ಅಷ್ಟು ಬೆಲೆ ಕಟ್ತು!” ಎಂದು ಜಗಲಿ ನಕ್ಕಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವಳ ಮಾನ ಇವಳು ಕಳೆದುಕೊಂಡದ್ದೂ ಅಲ್ಲ, ಆನೆಯನ್ನು ಯಾರೂ ಕೊಡಲೂ ಇಲ್ಲ.

ಮರುತಿಂಗಳು ಅವಳು ನನ್ನ ಹೊಲಿಗೆ ಅಂಗಡಿಗೆ ಬಂದಳು.

“ಹೊಸ ಚೀಟಿ ಶುರು ಮಾಡ್ತಿದ್ದೀನಿ ಕಣೋ. ಮೊದಲ್ನೇ ಹೆಸರು ನಿಂದೇ ಬರ್ಕೊಳ್ಳಾ? ಕೋರ್ಟಲ್ಲಿ ನೀನೇ ಕೇಳಿಸ್ಕೊಂಡ್ಯಲ್ಲ.”

ನಾನು ಬಟ್ಟೆಯಿಂದ ತಲೆ ಎತ್ತಲಿಲ್ಲ. “ಮುಂದಿನ ವರ್ಷ ನೋಡೋಣ ಅಕ್ಕಾ.”

“ಆಯ್ತಪ್ಪ” ಎಂದು ಹೊರಟುಹೋದಳು. ಆಮೇಲೆ ಅವಳು ಯಾರನ್ನೂ ಕೇಳಲಿಲ್ಲ. ಅವಳ ಮಾತು ನಿಜವೆಂದು ಊರಿನಲ್ಲಿ ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ.