ನಾಲ್ಕು ಮೊಗ್ಗಿಗೊಂದು ಗಂಟು

ನನ್ನ ಹೆಂಡತಿ ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡಾಗ, ಕಾಪು ಕಡೆಯ ನಮ್ಮ ಮನೆಯಂಗಳದ ಮಲ್ಲಿಗೆ ಗಿಡಗಳು ಮೊಗ್ಗು ತುಂಬಿಕೊಂಡಿದ್ದವು. ಸೂತಕದ ಮನೆಯ ಹೂವು ದೇವರಿಗೆ ಸಲ್ಲುವುದಿಲ್ಲವೆಂದು ಯಾರೂ ಕೊಯ್ಯಲಿಲ್ಲ. ಅವು ಗಿಡದಲ್ಲೇ ಅರಳಿ, ಕಂದಿ, ಉದುರಿದವು. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಅಳು ಬರಲಿಲ್ಲ. ಬಂದು ಹೋದವರಿಗೆ ಅದು ಸರಿ ಕಾಣಲಿಲ್ಲವೇನೋ. ಕಾಣದಿದ್ದರೆ ನಾನೇನು ಮಾಡಲಿ?

ಸೂತಕ ಕಳೆದ ಮರುದಿನ ಬೆಳಿಗ್ಗೆ, ಬೇರೇನು ಮಾಡುವುದೆಂದು ತಿಳಿಯದೆ, ಮೊಗ್ಗು ಕೊಯ್ದೆ. ಇಷ್ಟು ವರ್ಷ ಕೊಯ್ಯುವುದು ನಾನು, ಕಟ್ಟುವುದು ಅವಳು. ಕಾರ್ಕಳದ ಬಸ್ಸಿನ ಸ್ಟಿಯರಿಂಗ್ ಹಿಡಿದು ದಪ್ಪಗಾದ ನನ್ನ ಬೆರಳುಗಳಲ್ಲಿ ಬಾಳೆನಾರು ನಿಲ್ಲುತ್ತಿರಲಿಲ್ಲ. ಊರಿನ ಹೂವು ಸಂಗ್ರಹಿಸಿ ಉಡುಪಿಗೆ ಕಳಿಸುವವನು ನಾನು ಕಟ್ಟಿದ ಮೊದಲ ಹೂವಿನ ಚೆಂಡನ್ನು ಎತ್ತಿ ಹಿಡಿದ.

“ಅಣ್ಣಾ, ಗಂಟು ಸಡಿಲ ಉಂಟು. ಉಡುಪಿ ಮುಟ್ಟುವಾಗ ಬಿಚ್ಚಿ ಹೋಗ್ತದೆ.”

ಸಿಟ್ಟು ಬಂತು. ಅಷ್ಟು ದಿನಗಳಲ್ಲಿ ಬಂದದ್ದು ಅದೊಂದೇ. ಮನೆಗೆ ಬಂದು, ಆಸ್ಪತ್ರೆಗೆ ಹೋಗುವ ಮೊದಲು ಅವಳು ದೇವರ ಪಟಕ್ಕೆ ಹಾಕಿದ್ದ ಒಣ ಮಾಲೆಯನ್ನು ಬಿಚ್ಚಿ ನೋಡಿದೆ. ನಾಲ್ಕು ಮೊಗ್ಗಿಗೊಮ್ಮೆ ನಾರನ್ನು ಎರಡು ಸುತ್ತು ಹಾಕಿ ಬಿಗಿದಿದ್ದಳು. ಅಂದಿನಿಂದ ನಾನೂ ಹಾಗೆಯೇ ಕಟ್ಟುತ್ತೇನೆ. ಬೆಳಿಗ್ಗೆ ಹತ್ತು ಗಂಟೆಯೊಳಗೆ ಹೂವು ಮುಟ್ಟಿಸಬೇಕು. ಅಲ್ಲಿಯವರೆಗೆ ಬೇರೇನೂ ಯೋಚಿಸಬೇಕಾಗಿಲ್ಲ.

ಮೊನ್ನೆ ಆತ ಚೆಂಡನ್ನು ತಿರುಗಿಸಿ ನೋಡುತ್ತಾ, “ಇದು ಅತ್ತಿಗೆ ಕಟ್ಟಿದ್ದಲ್ವಾ?” ಎಂದ. ಎಂದವನೇ ನಾಲಿಗೆ ಕಚ್ಚಿಕೊಂಡ.

“ಹೌದು” ಎಂದೆ.