ಹುಣಸೆಹುಳಿಯಲ್ಲಿ ಕರಗಿದ ಅರಸು

ಅಣ್ಣನ ನಾಣ್ಯವನ್ನು ಉಜ್ಜಿದ್ದು ನಾನು. ಏಳು ವರ್ಷಗಳ ಹಿಂದೆಯೇ ಇದನ್ನು ಹೇಳಬೇಕಿತ್ತು — ಹೇಳಲಿಲ್ಲ.

ಆ ಶನಿವಾರ ನರಿಕೊಂಬಿನ ನಮ್ಮ ಜಗಲಿಯಲ್ಲಿ ಇದ್ದವರು ಇಷ್ಟೇ ಮಂದಿ: ನನ್ನ ಅಣ್ಣ ಸಂಜೀವ, ಮೂಡುಬಿದಿರೆಯಿಂದ ಬಂದ ಇತಿಹಾಸದ ಮೇಷ್ಟ್ರು, ಪಕ್ಕದ ಮನೆಯ ಲೋಕಯ್ಯ, ಮತ್ತೆ ಶರಬತ್ತಿನ ಲೋಟ ಹಿಡಿದು ಬಾಗಿಲಲ್ಲಿ ನಿಂತ ನಾನು. ಆ ಮನೆಯಲ್ಲಿ ವಾಸ ನಾವಿಬ್ಬರೇ, ಅಣ್ಣ ಮತ್ತು ತಂಗಿ.

ನಾಣ್ಯ ಸಿಕ್ಕಿದ್ದು ಅದಕ್ಕೆ ಒಂದು ವಾರ ಮೊದಲು. ಗೋಡೆಯ ಸಾರಣೆಗೆಂದು ತರಿಸಿದ ಹೊಯಿಗೆಯನ್ನು, ಹೊಳೆಯ ಮರಳನ್ನು, ಅಣ್ಣ ಜರಡಿ ಹಿಡಿಯುತ್ತಿದ್ದಾಗ, ಹಸಿರುಗಟ್ಟಿದ ತಾಮ್ರದ ಬಿಲ್ಲೆಯೊಂದು ಮೇಲೆ ಉಳಿಯಿತು. ತಲೆಗೆ ಎಲೆಯ ಮಾಲೆ ಕಟ್ಟಿದ ಒಂದು ಮುಖ, ಅಂಚಿನಲ್ಲಿ ಇಂಗ್ಲಿಷಿನ ಮೂರು ಅಕ್ಷರ — ಎ, ವಿ, ಜಿ. ಉಳಿದವು ಕಿಲುಬಿನೊಳಗೆ. ಅಣ್ಣನದು ಫೋಟೋ ಕಳಿಸುವಂಥ ಫೋನಲ್ಲ. ಬಾಯಲ್ಲೇ ಮೇಷ್ಟ್ರಿಗೆ ವರ್ಣಿಸಿದ. ಅದು ರೋಮಿನ ಚಕ್ರವರ್ತಿಗಳ ಬಿರುದಂತೆ. ಯಾವ ಚಕ್ರವರ್ತಿ ಎಂದು ಮಾತ್ರ ಕಣ್ಣಿಂದ ನೋಡಿಯೇ ಹೇಳಬೇಕು ಎಂದರಂತೆ.

ಶುಕ್ರವಾರ ಅಣ್ಣ ಫೋನು ಬಿಟ್ಟು ಪೇಟೆಗೆ ಹೋಗಿದ್ದಾಗ ಮೇಷ್ಟ್ರ ಕರೆ ಬಂತು. ಎತ್ತಿದ್ದು ನಾನು.

"ಅಮ್ಮಾ, ಅದು ಹೇಗುಂಟೋ ಹಾಗೇ ಇರಲಿ. ನೀರು ಕೂಡ ಮುಟ್ಟಿಸುವುದು ಬೇಡ."

ಆಯಿತು ಎಂದೆ. ಆದರೆ — ಮನೆಗೆ ಬರುವವರು ‘ಏನೂ ಮಾಡುವುದು ಬೇಡ’ ಎನ್ನುತ್ತಾರಲ್ಲ, ಹಾಗೆಂದು ನಾವು ಒಲೆ ಹಚ್ಚದೆ ಕೂರುತ್ತೇವೆಯೇ? ಇದೂ ಅಂಥದೇ ದಾಕ್ಷಿಣ್ಯದ ಮಾತು ಎಂದುಕೊಂಡೆ. ಅಷ್ಟು ಕಲಿತವರ ಕೈಗೆ ಆ ಕಿಲುಬನ್ನು ಕೊಡುವುದು ಹೇಗೆ? ದೀಪ ಉಜ್ಜುವ ಹುಣಸೆಹುಳಿ, ಬೂದಿ, ತೆಂಗಿನ ನಾರು — ಮನಸ್ಸಿಟ್ಟು ತಿಕ್ಕಿದೆ. ಚಿನ್ನದ ಹಾಗೆ ಹೊಳೆಯಿತು. ಮುಖ ಇರಲಿಲ್ಲ. ಅಕ್ಷರವೂ ಇರಲಿಲ್ಲ. ಅಣ್ಣನಿಗೆ ಫೋನಿನ ಮಾತನ್ನಾಗಲಿ ಇದನ್ನಾಗಲಿ ಹೇಳಲು ಬಾಯಿ ಬರದೆ, ಒರೆಸಿ ಡಬ್ಬಿಯಲ್ಲಿಟ್ಟುಬಿಟ್ಟೆ.

ಮರುದಿನ ಎಲ್ಲರೆದುರು ಡಬ್ಬಿ ತೆರೆದ ಅಣ್ಣ ನಾಣ್ಯವನ್ನು ಬೆಳಕಿಗೆ ಹಿಡಿದ.

"ಅಯ್ಯೋ, ಯಾರು ಉಜ್ಜಿದ್ದು ಇದನ್ನು?" ಮೇಷ್ಟ್ರು ನನ್ನತ್ತ ತಿರುಗಿದರು. "ನಿಮಗೆ ಫೋನಿನಲ್ಲಿ ಹೇಳಿದ್ದೆನಲ್ಲಮ್ಮ?"

"ನಾನು ನಿನ್ನೆಯೇ ಅಣ್ಣನಿಗೆ ಹೇಳಿದ್ದೇನೆ. ನಾನಂತೂ ಮುಟ್ಟಲಿಲ್ಲ."

ಅಣ್ಣ ನನ್ನನ್ನು ನೋಡಿದ. ಸಂಶಯದಿಂದ ಅಲ್ಲ — ಅದಾದರೂ ಆಗಿದ್ದರೆ... ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ.

"ಹಾಗಾದರೆ ನಾನೇ ಉಜ್ಜಿರಬೇಕು ಮೇಷ್ಟ್ರೇ. ನೆನಪಾಗುವುದಿಲ್ಲ."

"ಏನು ಸಂಜೀವಣ್ಣ," ಲೋಕಯ್ಯ ನಕ್ಕ, "ಬೆಳಿಗ್ಗೆ ಚಾ ಕುಡಿದದ್ದಾದರೂ ನೆನಪುಂಟಾ?"

ಮೇಷ್ಟ್ರು ಭೂತಗನ್ನಡಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಲೋಹ ಸವೆದು ಗುರುತೆಲ್ಲ ಕಿಲುಬಿನ ಪದರದಲ್ಲೇ ಉಳಿದಿತ್ತು, ಇನ್ನು ಇದನ್ನು ಯಾರೂ ಗುರುತಿಸಲಾರರು ಎಂದು ಹೇಳಿ, ಶರಬತ್ತು ಅರ್ಧ ಕುಡಿದು ಎದ್ದರು.

ಊರಿನಲ್ಲಿ ಗಡಿಕಲ್ಲಿನ ತಕರಾರು ಬಂದರೆ ಅಣ್ಣನ ನೆನಪೇ ಸಾಕ್ಷಿಯಾಗಿತ್ತು. ಆಮೇಲೆ ಯಾರು ಬಂದರೂ, "ನನ್ನ ತಲೆ ಸರಿ ಇಲ್ಲ ಮಾರಾಯ್ರೆ, ಬೇರೆಯವರನ್ನು ಕೇಳಿ" ಎನ್ನತೊಡಗಿದ. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುತ್ತಾನೆ. ನೆಂಟರ ಹೆಸರು ಹಿಡಿದು ಕರೆಯಲು ಹೆದರುತ್ತಾನೆ — ತಪ್ಪಿದರೆ ಎಂದು. ಅವನ ನೆನಪಿಗೆ ಏನೂ ಆಗಿರಲಿಲ್ಲ. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಏಳು ವರ್ಷ ಅವನೆದುರು ಬಡಿಸುತ್ತ, ಉಣ್ಣುತ್ತ ಸುಮ್ಮನಿದ್ದೆ.

ಕಳೆದ ತಿಂಗಳು ಹೇಳಿದೆ. ಫೋನು, ಹುಳಿ, ಬೂದಿ — ಒಂದೂ ಬಿಡದೆ. ಅಣ್ಣ ಪೂರ್ತಿ ಕೇಳಿ ನಕ್ಕ.

"ಬೇಡ ಸುಮತಿ. ನನ್ನ ಸಮಾಧಾನಕ್ಕೆಂದು ತಪ್ಪನ್ನು ನಿನ್ನ ತಲೆಯ ಮೇಲೆ ಹಾಕಿಕೊಳ್ಳಬೇಡ. ಸುಳ್ಳು ಹೇಳಲಿಕ್ಕೆ ನಿನಗೆ ಬರುವುದಿಲ್ಲ, ನನಗೆ ಗೊತ್ತುಂಟು."

ದೇವರಾಣೆ ಹಾಕಿದೆ. "ಪಾಪ" ಎಂದು ನನ್ನ ತಲೆ ಸವರಿದ.

ಮರುದಿನ ಬಂಟ್ವಾಳದ ಡಾಕ್ಟರರಲ್ಲಿಗೆ ಹೋಗಿ ನೆನಪಿನ ಶಕ್ತಿಗೆ ಮಾತ್ರೆ ಬರೆಸಿಕೊಂಡು ಬಂದ. ಮಧ್ಯಾಹ್ನದ ಊಟವಾದ ಮೇಲೆ ಒಂದು. ಅದನ್ನು ನುಂಗಿದೆನೋ ಇಲ್ಲವೋ ಎಂದು ದಿನಾ ನನ್ನನ್ನೇ ಕೇಳುತ್ತಾನೆ. ನಾನು ಹೇಳಿದ್ದನ್ನು ನಂಬುತ್ತಾನೆ.