ಚುಕ್ಕಿ ಇಟ್ಟ ನಾಲ್ಕು ಸಂಖ್ಯೆಗಳು

ಹುಕ್ಕೇರಿಯ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದು ಇನ್ನೂ ಒಂದು ವರ್ಷ ಆಗಿರಲಿಲ್ಲ. ಟೆಲಿಫೋನ್ ತಂತಿಗೆ ಒಂದು ಬಿಳಿ ಮೋಡೆಮ್ ಜೋಡಿಸಿ ಹೋಗಿದ್ದರು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಇಲಾಖೆಯ ಸುತ್ತೋಲೆ ಓದಲು ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಪಂಪ್‌ಸೆಟ್ ರಿಪೇರಿ ಮಾಡುವ ನನ್ನ ಗಂಡ ಭಾನುವಾರ ಅದರಲ್ಲಿ ಮರಾಠಿ ನಾಟಕಗಳ ನಾಟ್ಯಗೀತೆ ಜೋರಾಗಿ ಹಚ್ಚಿ ಕೇಳುತ್ತಿದ್ದರು. ಆ ಸಂಪರ್ಕಕ್ಕೊಂದು ನಂಬರ್ ಇರುತ್ತದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಒಂದು ಸಂಜೆ ಶಾಲೆಯಿಂದ ಬಂದು ಚಹಾಕ್ಕೆ ಇಟ್ಟಿದ್ದೆ. ಬಾಗಿಲಲ್ಲಿ ಪೊಲೀಸ್ ಹವಾಲ್ದಾರರು ನಿಂತಿದ್ದರು. ಅವರ ಮಗಳು ನನ್ನ ಕೈಯಲ್ಲಿ ಕಲಿತವಳು, ಹಾಗಾಗಿ ಮುಖ ಪರಿಚಯವಿತ್ತು. ಖುರ್ಚಿ ಹಾಕಿದರೂ ಕೂರಲಿಲ್ಲ. ಮೂಡಲಗಿಯಲ್ಲಿ ಹೆರಿಗೆ ಮಾಡಿಸುವ ಒಬ್ಬ ಡಾಕ್ಟರ್ ಬಾಯಿಯವರಿಗೆ ಯಾರೋ ಇ-ಮೇಲ್‌ನಲ್ಲಿ ಕೊಲ್ಲುವುದಾಗಿ ಬರೆದಿದ್ದಾರೆ ಎಂದು ಹೇಳಿ, ಮಡಿಚಿದ ಹಾಳೆಯೊಂದನ್ನು ತೆಗೆದು ನನ್ನ ಮುಂದೆ ಹಿಡಿದರು. ನಡುನಡುವೆ ಚುಕ್ಕಿ ಇಟ್ಟ ನಾಲ್ಕು ಸಂಖ್ಯೆಗಳು. ಪಕ್ಕದಲ್ಲಿ ತಾರೀಖು, ವೇಳೆ. ಅದಕ್ಕೆ ಐಪಿ ಅಡ್ರೆಸ್ ಅನ್ನುತ್ತಾರಂತೆ.

"ಟೆಲಿಫೋನ್ ಇಲಾಖೆಯ ಮೇಲಿನ ಆಫೀಸ್‌ನಾಗ ಕೇಳಿದ್ವಿ. ಈ ಅಡ್ರೆಸ್ ನಿಮ್ಮ ಮನೀದ ಅಂತ ಬಂದೈತ್ರಿ ಅಕ್ಕಾರ."

ಮೂಡಲಗಿಯ ಆ ಡಾಕ್ಟರ್ ಯಾರೆಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ನನ್ನ ನಾದಿನಿಯ ಕೂಸು ಹುಟ್ಟಿದ ಎರಡನೇ ದಿನ ತೀರಿಕೊಂಡದ್ದು ಅವರ ದವಾಖಾನೆಯಲ್ಲೇ. ಅವರ ತಪ್ಪೋ ಅಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಕೂಸನ್ನು ಎತ್ತಿಕೊಂಡು ಬಂದವರು ನನ್ನ ಗಂಡ. ಅಲ್ಲಿಂದೀಚೆ ಅವರು ಆ ಮಾತೇ ಎತ್ತಿರಲಿಲ್ಲ.

ಹಾಳೆಯಲ್ಲಿದ್ದದ್ದು ತಿಂಗಳ ಹಿಂದಿನ ಒಂದು ಭಾನುವಾರ, ಬೆಳಗಿನ ಹತ್ತು ನಲವತ್ತು. ಆ ಬೆಳಿಗ್ಗೆ ನಾನು ಹೆಸರಿಡುವ ಕಾರ್ಯಕ್ಕೆಂದು ಅಂಕಲಗಿಗೆ ಹೋಗಿದ್ದೆ. ಇವರೊಬ್ಬರೇ ಮನೆಯಲ್ಲಿದ್ದರು. ಹವಾಲ್ದಾರರು ಯಾರಿದ್ದರು ಎಂದು ಕೇಳಿದಾಗ ನನ್ನ ಬಾಯಿಂದ ಸುಳ್ಳು ತಾನಾಗಿ ಬಂತು.

"ಆ ಹೊತ್ನ್ಯಾಗ ಮನ್ಯಾಗ ಯಾರೂ ಇರ್ಲಿಲ್ರಿ."

ಅವರು ಅದನ್ನು ಬರೆದುಕೊಂಡರು. ಹಾಳೆಯಲ್ಲಿದ್ದದ್ದನ್ನು ಕಾಪಿ ಮಾಡಿಕೊಳ್ಳಲೇ ಎಂದು ಕೇಳಿದೆ. ಬೇಡ ಅನ್ನಲಿಲ್ಲ. ನಾನು ಅಕ್ಷರಕ್ಕೆ ಅಕ್ಷರ ಇಳಿಸಿಕೊಂಡೆ. ಅವರು ಹೋದ ಮೇಲೆ ನೆನಪಾಯಿತು: ಆ ಬೆಳಿಗ್ಗೆ ನಾಟ್ಯಗೀತೆ ಬಾಜೂ ಮನೆಯವರಿಗೆ ಕೇಳಿಸಿರಲೇಬೇಕು. ಅವರನ್ನು ವಿಚಾರಿಸಿದರೆ ನನ್ನ ಸುಳ್ಳು ನಿಲ್ಲುವುದಿಲ್ಲ.

ನಾಗನೂರಿನ ಕೆಲಸ ಮುಗಿಸಿ ಬಂದ ಗಂಡನಿಗೆ ನಾನು ಏನೂ ಹೇಳಲಿಲ್ಲ. ಅವರು ಗ್ರೀಸ್ ತಾಗಿದ ಬೆರಳುಗಳನ್ನು ತೊಳೆಯುತ್ತಿದ್ದರು. ಈ ಬೆರಳುಗಳೇ ಅದನ್ನು ಬರೆದವೇ ಎಂದು ನೋಡುತ್ತ ನಿಂತೆ. ಹದಿನಾಲ್ಕು ವರ್ಷ ಜೊತೆಗಿದ್ದ ಮನುಷ್ಯನ ಎದುರು ರೊಟ್ಟಿ ಬಡಿಸಲು ಹೆದರಿದೆ. ಅವರು ಅಂಗಡಿಗೆ ಹೋದಾಗ ಕಂಪ್ಯೂಟರ್ ತೆಗೆದು ಹುಡುಕಿದೆ. ಏನೂ ಸಿಗಲಿಲ್ಲ. ಅಳಿಸಿರಬಹುದು ಅನ್ನಿಸಿ ಭಯ ಇನ್ನಷ್ಟಾಯಿತು. ಹೊರಗೆ ಮೋಟರ್‌ಸೈಕಲ್ ನಿಂತ ಸದ್ದಾದರೆ ಕಿಟಕಿಗೆ ಹೋಗಿ ಇಣುಕುತ್ತಿದ್ದೆ.

ಮೂರನೇ ದಿನ ಶಾಲೆಗೆ ರಜೆ ಹಾಕಿ, ಯಾರಿಗೂ ಹೇಳದೆ ಗೋಕಾಕಿನ ಬಸ್ ಹತ್ತಿದೆ. ಅಲ್ಲಿನ ಟೆಲಿಫೋನ್ ಆಫೀಸಿನಲ್ಲಿ ನಿವೃತ್ತಿಗೆ ಹತ್ತಿರವಿದ್ದ ಎಂಜಿನಿಯರ್ ಒಬ್ಬರಿದ್ದರು. ನನ್ನ ಚೀಟಿ ಕೊಟ್ಟು, ಇದು ನಮ್ಮ ಮನೆಯ ನಂಬರ್ ಹೌದೇ ಎಂದು ಕೇಳಿದೆ.

"ಇದು ನಿಮ್ಮ ಮನೀಗೆ ಕಾಯಂ ಕೊಟ್ಟ ನಂಬರ್ ಅಲ್ರಿ. ಮೋಡೆಮ್ ಚಾಲೂ ಆದಾಗ ನಮ್ಮ ಕಡೆಯಿಂದ ಒಂದು ಬರ್ತೈತಿ. ಕರೆಂಟ್ ಹೋಗಿ ಬಂದ್ರ ನಿಮಗ ಬ್ಯಾರೇದು ಬರ್ತೈತಿ, ಇದು ಮತ್ಯಾರಿಗೋ ಹೋಗ್ತೈತಿ. ಇಂಥಾ ಹೊತ್ತಿಗೆ ಅಂತ ಹೇಳಿದ್ರಷ್ಟ ಯಾರ ಹತ್ರ ಇತ್ತು ಅಂತ ಹೇಳಾಕ ಬರ್ತೈತಿ."

ಹೊತ್ತೂ ಅದರಲ್ಲೇ ಇದೆಯಲ್ಲ ಅಂದೆ. ಅವರು ಕನ್ನಡಕ ಏರಿಸಿ ಮತ್ತೊಮ್ಮೆ ಓದಿದರು. ವೇಳೆಯ ಮುಂದೆ ನಾನು ಅರ್ಥವಾಗದೆಯೇ ಇಳಿಸಿಕೊಂಡಿದ್ದ ಒಂದು ಕೂಡುವ ಚಿಹ್ನೆ, ನಾಲ್ಕು ಸೊನ್ನೆ ಇದ್ದವು. ಅವುಗಳ ಮೇಲೆ ಬೆರಳಿಟ್ಟರು. ಅದು ನಮ್ಮ ದೇಶದ ವೇಳೆಯಲ್ಲ, ಅದಕ್ಕೆ ಐದೂವರೆ ತಾಸು ಕೂಡಿಸಬೇಕು ಎಂದರು. ಪೊಲೀಸರು ಬೆಳಗಿನ ಹತ್ತು ನಲವತ್ತು ಅಂತಲೇ ಕೇಳಿರಬೇಕು. ಪತ್ರ ಹೋದದ್ದು ಮಧ್ಯಾಹ್ನ ನಾಲ್ಕು ಹತ್ತಕ್ಕೆ. ಆಗ ಆ ನಂಬರ್ ಯಾರ ಬಳಿ ಇತ್ತೆಂಬುದನ್ನು ಪೊಲೀಸರು ಬರೆದು ಕೇಳಿದರೆ ಮಾತ್ರ ಹೇಳಲು ಬರುತ್ತದಂತೆ.

ನನಗೆ ಅವರು ಹೇಳಬೇಕಾಗಿಯೇ ಇರಲಿಲ್ಲ. ಆ ಭಾನುವಾರ ಮೂರು ಗಂಟೆಗೆ ನಾನು ಅಂಕಲಗಿಯಿಂದ ಬಂದಾಗ ಊರಿಗೇ ಕರೆಂಟ್ ಇರಲಿಲ್ಲ. ದೀಪ ಹಚ್ಚುವ ಹೊತ್ತಿನವರೆಗೂ ಬರಲಿಲ್ಲ; ನಾಲ್ಕು ಹತ್ತಕ್ಕೆ ನಮ್ಮ ಮೋಡೆಮ್ ಆರಿಯೇ ಇತ್ತು. ಕಾರ್ಯದ ಮನೆಯಿಂದ ತಂದಿದ್ದ ಬಾಸುಂದಿ ಕೆಡುತ್ತದೆಂದು ನಾವಿಬ್ಬರೂ ಹೊರಗಿನ ಕಟ್ಟೆಯ ಮೇಲೆ ಕೂತು ಅಷ್ಟನ್ನೂ ತಿಂದು ಮುಗಿಸಿದ್ದೆವು. ಎಂಜಿನಿಯರ್ ಎದುರೇ ನನಗೆ ಅಳು ಬಂತು. ಅವರು ನೀರು ತರಿಸಿದರು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ, ನನ್ನ ಸುಳ್ಳನ್ನೂ.

"ನಾನ ಮಾಡೇನಿ ಅಂತ ತಿಳ್ಕೊಂಡಿದ್ದಿ?" ಅಂದರು.

ಹೌದು ಅಂದೆ. ಅವರು ಅಂಗಿ ಹಾಕಿಕೊಂಡು ನನ್ನನ್ನು ಮೋಟರ್‌ಸೈಕಲ್ ಮೇಲೆ ಠಾಣೆಗೆ ಕರೆದೊಯ್ದರು. ಆ ಬೆಳಿಗ್ಗೆ ಮನೆಯಲ್ಲಿದ್ದೆ ಎಂದು ಅವರೇ ಹೇಳಿದರು. ನಾನು ಸೊನ್ನೆಗಳ ಮಾತು ತಿಳಿಸಿ, ಹೆದರಿ ಸುಳ್ಳು ಹೇಳಿದ್ದಾಗಿ ಒಪ್ಪಿಕೊಂಡೆ. ಹವಾಲ್ದಾರರು ನನ್ನನ್ನು ದಿಟ್ಟಿಸಿ ನೋಡಿ, ಹಳೆಯ ಹೇಳಿಕೆಗೆ ಗೀಟು ಎಳೆದು ಹೊಸದು ಬರೆದುಕೊಂಡರು. ಕೆಲವು ವಾರಗಳ ನಂತರ ಸಂತೆಯಲ್ಲಿ ಸಿಕ್ಕಾಗ, ಸರಿಯಾದ ವೇಳೆಗೆ ಆ ನಂಬರ್ ಬೇರೆ ಊರಿನವರ ಬಳಿ ಇತ್ತೆಂದೂ, ನಮ್ಮ ಹೆಸರು ಬಿಟ್ಟಿದ್ದಾರೆಂದೂ ಹೇಳಿದರು. ಬರೆದವರು ಯಾರೆಂದು ನಾನು ಕೇಳಲಿಲ್ಲ.

ಆದರೆ ಠಾಣೆಯಿಂದ ಮರಳುವಾಗ ಗಂಡ ದಾರಿಯಲ್ಲಿ ಗಾಡಿಯ ವೇಗ ತಗ್ಗಿಸಿ, ಹಿಂದೆ ತಿರುಗದೆ ಹೇಳಿದ್ದರು: "ಆ ಡಾಕ್ಟರ್‌ಗೆ ಬರೀಬೇಕಂತ ಒಂದ್ಸಲ ಕುಂತಿದ್ದೆ. ಅರ್ಧಾ ಬರದು ಅಳಿಸಿದೆ."

ಏನು ಬರೆದಿದ್ದಿರಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಇಷ್ಟು ವರ್ಷಗಳಾದರೂ ಕೇಳಿಲ್ಲ.